ಮಹಾಮಾರಿಯ ಕಾಲದಲ್ಲಿ ಮನಃಸ್ಥೈರ್ಯ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಮಂಗಳದಿನದಲ್ಲಿ ರೋಗದ ಮಾತನ್ನೂ ಸಾವಿನ ಮಾತನ್ನೂ ಎತ್ತುವುದು ಉಚಿತವೇ ಎಂಬ ಶಂಕೆ ಕೆಲವರಿಗೆ ಹುಟ್ಟಬಹುದು. ಆದರೆ ಮಠದ ಬಾಗಿಲಿಗೆ ಜನರು ಹಬ್ಬದ ದಿನ ಬರುವುದಕ್ಕಿಂತ ಕಷ್ಟದ ದಿನ ಬರುವುದೇ ಹೆಚ್ಚು. ಈ ಪೆಂಡಾಲಿನಲ್ಲಿ ಕುಳಿತಿರುವವರಲ್ಲಿಯೂ, ಪಕ್ಕದಲ್ಲಿ ಇರಬೇಕಾಗಿದ್ದ ಒಬ್ಬರಿಲ್ಲದೆ ಬಂದವರು ಎಷ್ಟೋ ಮಂದಿ ಇರುವರು. ಅವರ ಮುಂದೆ ಆ ವಿಷಯವನ್ನು ಮರೆಸಿ ಮಾತನಾಡುವುದು ಸೌಜನ್ಯದಂತೆ ತೋರಿದರೂ ನಿಜವಾಗಿ ಉಪೇಕ್ಷೆಯೇ ಸರಿ. ಆದಕಾರಣ ಕೊರೋನಾ ಎಂಬ ಮಹಾಮಾರಿಯು ವಯಸ್ಕರ ಮನಸ್ಸಿಗೆ ಮಾಡಿದ ಗಾಯವೇನು, ಆ ಗಾಯವು ಮಾಯುವ ಬಗೆಯೇನು ಎಂಬುದೇ ಈ ಉಪನ್ಯಾಸದ ವಿಷಯವಾಗಿರುವುದು.

ಮೊದಲು ನಡೆದುದನ್ನು ಸಂಗ್ರಹವಾಗಿ ಸ್ಮರಿಸಬೇಕು. 2020ನೆಯ ಇಸವಿ ಮಾರ್ಚ್ 10ನೆಯ ತಾರೀಖು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಭಾರತದಲ್ಲಿ ಈ ರೋಗದಿಂದಾದ ಮೊದಲನೆಯ ಸಾವು ಅದೇ. ಮಾರನೆಯ ದಿನವೇ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಾಗತಿಕ ಮಹಾಮಾರಿಯೆಂದು ಸಾರಿತು. ಮಾರ್ಚ್ 25ರಿಂದ ದೇಶವೆಲ್ಲವೂ ಬಾಗಿಲಿಕ್ಕಿಕೊಂಡಿತು. ಶಿವಮೊಗ್ಗೆಯ ಸೀಮೆಗೆ ಮೇ ತಿಂಗಳು ಮೊದಲಾಗುವ ವರೆಗೆ ರೋಗವು ಕಾಲಿಡದೆ ಇದ್ದುದರಿಂದ, ಮಲೆನಾಡಿನ ಗಾಳಿಯೇ ಕಾಪಾಡಿತೆಂದು ಸಮಾಧಾನಪಟ್ಟುಕೊಂಡವರೂ ಉಂಟು. ಆ ಸಮಾಧಾನವು ಬಹುಕಾಲ ನಿಲ್ಲಲಿಲ್ಲ. 2021ರಲ್ಲಿ ಎರಡನೆಯ ಅಲೆಯು ಬಂದು, ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧಗಳಾದುವು. ಕರ್ನಾಟಕವೊಂದರಲ್ಲಿಯೇ ಸರ್ಕಾರದ ಲೆಕ್ಕಕ್ಕೆ ಬಂದ ಸಾವುಗಳು 40,000ಕ್ಕೂ ಮಿಕ್ಕಿವೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿಯು ಮುಗಿಯಿತೆಂದು ಹೇಳಿತು. ಶರೀರದ ರೋಗದ ಲೆಕ್ಕವನ್ನು ಹೀಗೆ ತಾರೀಖು ಹಾಕಿ ಮುಗಿಸಬಹುದು. ಮನಸ್ಸಿನ ಲೆಕ್ಕವನ್ನು ಹಾಗೆ ಮುಗಿಸಲು ಬಾರದು.

ಆ ಸಂಸ್ಥೆಯೇ 2022ರಲ್ಲಿ ತಿಳಿಸಿರುವಂತೆ, ಮಹಾಮಾರಿಯ ಮೊದಲನೆಯ ವರ್ಷದಲ್ಲಿಯೇ ಲೋಕದಲ್ಲಿ ಕಳವಳದ ಬೇನೆಯೂ ಖಿನ್ನತೆಯೂ ನೂರಕ್ಕೆ 25ರಷ್ಟು ಹೆಚ್ಚಿದುವು. ಇದಕ್ಕೂ ಮುಂಚೆ, 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಭಾರತದ ವಯಸ್ಕರಲ್ಲಿ ಸುಮಾರು ನೂರಕ್ಕೆ 10 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯುಂಟೆಂದೂ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದೂ ಕಂಡುಬಂದಿತ್ತು. ಎಂದರೆ ಮೊದಲೇ ಸೋರುತ್ತಿದ್ದ ಮಾಡಿನ ಮೇಲೆ ಆಷಾಢದ ಮಳೆಯು ಸುರಿದಂತಾಯಿತು.

ಜನಪದಕ್ಕೆ ಒಟ್ಟಿಗೆ ಬರುವ ವಿಪತ್ತು ಈ ನಾಡಿಗೆ ಹೊಸದಲ್ಲ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಆ ಮೇಲಿನ ವರ್ಷಗಳಲ್ಲಿ ಇಲಿ ಬಿದ್ದಿತೆಂದರೆ ಜನರು ಊರನ್ನೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. 1918ರ ಇನ್‌ಫ್ಲುಯೆಂಜಾ ಜ್ವರವು ಮೈಸೂರು ಸಂಸ್ಥಾನದಲ್ಲಿ ಲಕ್ಷಕ್ಕೂ ಮಿಕ್ಕ ಜನರನ್ನು ಕೊಂಡೊಯ್ದಿತು. ಮಲೆನಾಡಿನ ಚಳಿಜ್ವರವು ಎಷ್ಟು ಹಳ್ಳಿಗಳನ್ನು ಹಾಳು ಮಾಡಿತೆಂಬುದನ್ನು ಹಿರಿಯರು ಬಲ್ಲರು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಆ ಬೆನ್ನಿಗೇ ಮನುಷ್ಯರಿಗೂ ಜ್ವರವು ತಗುಲಿ, ಲೋಕದ ವೈದ್ಯಗ್ರಂಥಗಳಲ್ಲಿ ಆ ಊರಿನ ಹೆಸರೇ ಒಂದು ರೋಗದ ಹೆಸರಾಯಿತು. 2019ರ ಆದಿಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯು ಅದೇ ಮಂಗನ ಕಾಯಿಲೆಯಿಂದ ನೊಂದಿತು.

ಈ ಹಿಂದಿನವರೆಲ್ಲರೂ ಧೀರರಾಗಿದ್ದರು, ಈಗಿನವರು ದುರ್ಬಲರು ಎಂದು ಹೇಳುವುದು ನ್ಯಾಯವಲ್ಲ. ಆಗಲೂ ಜನರು ಅಂಜಿದರು. ನಂಟರನ್ನು ಬಿಟ್ಟು ಓಡಿದವರೂ ಇದ್ದರು. ಆದರೆ ಊರು ಬಿಟ್ಟವರು ಹತ್ತು ಮನೆಯವರು ಕೂಡಿ ಬಿಟ್ಟರು; ಗುಡಿಸಲಿನಲ್ಲಿಯೂ ನೆರೆಯೊಂದು ಇತ್ತು. ಕೊರೋನಾ ಕಾಲದ ವಿಶೇಷ ದುಃಖವೇನೆಂದರೆ, ರೋಗಿಯು ಒಂಟಿಯಾಗಿ ನರಳಬೇಕಾಯಿತು, ಮನೆಯವರು ಒಂಟಿಯಾಗಿ ಅಳಬೇಕಾಯಿತು. ದೂರವಿರುವುದೇ ಆಗ ಧರ್ಮವಾಗಿದ್ದಿತು. ಅದು ಜೀವಗಳನ್ನು ಉಳಿಸಿದುದೂ ನಿಜ. ಅದರ ಬೆಲೆಯನ್ನು ಮನಸ್ಸುಗಳು ತೆತ್ತುದೂ ನಿಜ.

ಇಲ್ಲಿ ಒಂದು ದೃಷ್ಟಾಂತವನ್ನು ಹೇಳಬೇಕಾಗಿದೆ. ಇದರಲ್ಲಿ ಬರುವವರು ಯಾರೋ ಒಬ್ಬ ನಿಜವ್ಯಕ್ತಿಯಲ್ಲ. ಆ ವರ್ಷ ಅನೇಕ ಮನೆಗಳಲ್ಲಿ ನಡೆದುದನ್ನು ಒಂದು ಮನೆಯಲ್ಲಿ ನಡೆದಂತೆ ಕೂಡಿಸಿ ಹೇಳಿದುದಾಗಿದೆ. ಶಿವಮೊಗ್ಗೆಯ ರವೀಂದ್ರನಗರದಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯರನ್ನು ಭಾವಿಸಿಕೊಳ್ಳಿರಿ. ವಯಸ್ಸು ಅರುವತ್ತೈದರ ಮೇಲೆ. ಒಬ್ಬನೇ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಮನೆಯಲ್ಲಿ ದಂಪತಿಗಳಿಬ್ಬರೇ. ಬೆಳಗ್ಗೆ ಇಬ್ಬರೂ ಎದುರುಬದುರಾಗಿ ಕುಳಿತು ಇಷ್ಟಲಿಂಗಪೂಜೆಯನ್ನು ಮಾಡಿಕೊಂಡು, ಒಂದೇ ಬಟ್ಟಲಿನ ವಿಭೂತಿಯನ್ನು ಧರಿಸುವ ವಾಡಿಕೆ ನಲವತ್ತು ವರ್ಷದ್ದು.

2021ರ ಮೇ ತಿಂಗಳಿನಲ್ಲಿ ಇಬ್ಬರಿಗೂ ಜ್ವರ ಬಂದಿತು. ಅವರಿಗೆ ಇಳಿಯಿತು, ಅವರ ಮನೆಯಾಕೆಗೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಯ ಬಾಗಿಲಿನ ವರೆಗೆ ಕೈಹಿಡಿದು ನಡೆಸಿದರು, ಒಳಕ್ಕೆ ಬಿಡಲಿಲ್ಲ. ಆರನೆಯ ದಿನ ಬೆಳಗಿನ ಜಾವ ದೂರವಾಣಿಯಲ್ಲಿ ಸುದ್ದಿ ಬಂದಿತು. ಮಗನು ಬಂದು ಸೇರುವುದಕ್ಕೆ ಮೊದಲೇ, ಮೈಯೆಲ್ಲ ಮುಚ್ಚಿದ ಉಡುಪಿನ ನಾಲ್ವರು ಚೀಲದಲ್ಲಿ ಬಿಗಿದ ದೇಹವನ್ನು ಮಣ್ಣು ಮಾಡಿದರು. ಮಜ್ಜನವಿಲ್ಲ, ವಿಭೂತಿಯಿಲ್ಲ, ಕುಳ್ಳಿರಿಸಿ, ಕೈಯಲ್ಲಿ ಲಿಂಗವನ್ನಿಟ್ಟು, ಪತ್ರೆಯನ್ನು ಮುಚ್ಚಿ ಸಮಾಧಿ ಮಾಡುವ ಕ್ರಮವಿಲ್ಲ. ಎರಡು ದಿನ ಕಳೆದು ಆಸ್ಪತ್ರೆಯಿಂದ ಒಂದು ಸಣ್ಣ ಪೊಟ್ಟಣವು ಬಂದಿತು. ಅದರಲ್ಲಿ ಆಕೆಯ ಕನ್ನಡಕ, ಎರಡು ಬಳೆ, ಲಿಂಗವಿದ್ದ ಕರಡಿಗೆ.

ಆ ಪೊಟ್ಟಣವನ್ನು ಅವರು ದೇವರ ಮಾಡದ ಮೇಲಿಟ್ಟರು, ಬಿಚ್ಚಲಿಲ್ಲ. ಆ ದಿನದಿಂದ ಅವರ ಪೂಜೆ ನಿಂತಿತು. ನಿದ್ರೆ ನಿಂತಿತು. ಹಾಲಿನವನು ಕೂಗಿದರೂ ಬಾಗಿಲು ತೆರೆಯರು. ಮಗನು ಕೇಳಿದರೆ, ಚೆನ್ನಾಗಿದ್ದೇನೆಂದು ಹೇಳುವರು. ಅವರ ಒಳಗೆ ಮಾತ್ರ ಒಂದೇ ಮಾತು ತಿರುಗುತ್ತಿದ್ದಿತು: ಜೀವಮಾನವೆಲ್ಲ ಲಿಂಗವನ್ನು ಅಗಲದವಳನ್ನು ಕಡೆಗೆ ಲಿಂಗವಿಲ್ಲದೆ ಕಳುಹಿಸಿದೆನಲ್ಲಾ ಎಂದು.

ಈ ದುಃಖವು ಭಕ್ತಿಯುಳ್ಳವನಿಗೆ ಮಾತ್ರ ಬರುವಂಥದು. ಆದುದರಿಂದ ಇದನ್ನು ಭಕ್ತಿ ಸಾಲದೆಂದು ಹೇಳಿ ತೀರಿಸಲಾಗದು. ಭಕ್ತಿಯಿರುವವನಿಗೆ ಖಿನ್ನತೆಯು ಬಾರದೆಂದು ಕೆಲವರು ಹೇಳುವುದುಂಟು, ಅದು ತಪ್ಪು. ನೊಂದವನಿಗೆ ಅದು ಇನ್ನೊಂದು ಹೊರೆಯಾಗುವುದೇ ಹೊರತು ಊರೆಗೋಲಾಗದು.

ಹಾಗಾದರೆ ಔಷಧವೇನು? ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ಒಂದು ಅಧ್ಯಾಯವೇ ಇದೆ. ಗಾಳಿ, ನೀರು, ದೇಶ, ಕಾಲ ಎಂಬ ಎಲ್ಲರಿಗೂ ಸಮಾನವಾದ ನಾಲ್ಕು ಕೆಟ್ಟಾಗ, ಬೇರೆ ಬೇರೆ ಪ್ರಕೃತಿಯ ಜನರೂ ಏಕಕಾಲದಲ್ಲಿ ರೋಗಕ್ಕೆ ಈಡಾಗುವರೆಂಬುದು ಅಲ್ಲಿಯ ವಿಚಾರ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ, ಮನಸ್ಸಿನ ದೋಷಗಳಿಗೆ ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿ ಎಂಬ ಐದು ಉಪಾಯಗಳು ಹೇಳಲ್ಪಟ್ಟಿವೆ. ಈ ಐದನ್ನೂ ಆ ಉಪಾಧ್ಯಾಯರ ಮನೆಯ ಬಾಗಿಲಿಗೆ ಕೊಂಡೊಯ್ದು ನೋಡುವುದು ಯುಕ್ತ.

ಮೊದಲನೆಯದು ಜ್ಞಾನ. ವ್ಯಾಖ್ಯಾನಕಾರನಾದ ಚಕ್ರಪಾಣಿಯು ಇದನ್ನು ಅಧ್ಯಾತ್ಮಜ್ಞಾನವೆಂದು ವಿವರಿಸಿರುವನು. ಲಿಂಗಾಂಗಸಾಮರಸ್ಯವೆಂಬುದು ಬದುಕಿರುವಾಗ ಸಾಧಿಸತಕ್ಕ ಸ್ಥಿತಿಯೇ ಹೊರತು, ಸತ್ತ ಮೇಲೆ ಇತರರು ಮಾಡಿಕೊಡುವ ಉಪಚಾರವಲ್ಲ. ನಲವತ್ತು ವರ್ಷ ಕೈಯಲ್ಲಿ ಲಿಂಗವನ್ನು ಹಿಡಿದು ಪೂಜಿಸಿದ ತಾಯಿಯ ಐಕ್ಯವು ಒಂದು ದಿನದ ಕ್ರಿಯೆಯ ಲೋಪದಿಂದ ಕೆಡುವುದೆಂದು ಭಾವಿಸಿದರೆ, ಆ ನಲವತ್ತು ವರ್ಷಗಳನ್ನೇ ಕಡೆಗಣಿಸಿದಂತಾಗುವುದು. ಶರಣಧರ್ಮವು ಪಂಚಸೂತಕಗಳನ್ನು ಒಪ್ಪುವುದಿಲ್ಲ. ಅವುಗಳಲ್ಲಿ ಮರಣಸೂತಕವೂ ಒಂದು. ಸಾವಾದ ಮನೆಯು ಮೈಲಿಗೆಯ ಮನೆಯಲ್ಲವೆಂದು ಹೇಳಿದ ಧರ್ಮದವರೇ ಆ ದಿನಗಳು ಕಳೆದ ಮೇಲೂ ಅಂಥ ಮನೆಯ ಮುಂದೆ ಮುಖ ತಿರುಗಿಸಿ ನಡೆದುದುಂಟು. ರೋಗದ ಅಂಜಿಕೆಗೆ ಅವಧಿಯಿತ್ತು. ಆ ಮುಖತಿರುವಿಗೆ ಅವಧಿಯಿರಲಿಲ್ಲ. ಇದನ್ನು ಭಕ್ತಸಮೂಹವು ತನ್ನೊಳಗೆ ವಿಚಾರಿಸಿಕೊಳ್ಳಬೇಕು.

ಎರಡನೆಯದು ವಿಜ್ಞಾನ, ಎಂದರೆ ಶಾಸ್ತ್ರದ ತಿಳಿವು. ನಡೆದುದು ಏಕೆ ನಡೆಯಿತೆಂದು ಸರಿಯಾಗಿ ತಿಳಿದರೆ ಅರ್ಧ ಅಪರಾಧಭಾವವು ಕರಗುವುದು. ಕೇಂದ್ರ ಸರ್ಕಾರವು 2020ರ ಮಾರ್ಚಿಯಲ್ಲಿ ಕೊಟ್ಟ ಸೂಚನೆಗಳಲ್ಲಿ ದೇಹವನ್ನು ತೊಳೆಯುವುದಕ್ಕೂ ಅಪ್ಪಿಕೊಳ್ಳುವುದಕ್ಕೂ ನಿಷೇಧವಿದ್ದರೂ, ದೇಹವನ್ನು ಮುಟ್ಟದೆ ಮಂತ್ರಗಳನ್ನು ಓದುವುದಕ್ಕೂ ತೀರ್ಥವನ್ನು ಪ್ರೋಕ್ಷಿಸುವುದಕ್ಕೂ ಅವಕಾಶವಿತ್ತು. ಸಾವಿನ ಗಡಿಬಿಡಿಯಲ್ಲಿ ಆ ಅವಕಾಶವು ಎಷ್ಟೋ ಮನೆಯವರಿಗೆ ತಿಳಿಯದೆಯೇ ಹೋಯಿತು. ಇನ್ನು, ಆ ದಿನ ಅವರು ಹಟಮಾಡಿ ಒಳಗೆ ನುಗ್ಗಿದ್ದರೆ ಆಕೆಯನ್ನು ಉಳಿಸುತ್ತಿದ್ದರೆ? ಇಲ್ಲ. ತಮ್ಮ ಕೈಯಲ್ಲಿ ಇಲ್ಲದುದನ್ನು ಮಾಡಲಿಲ್ಲವೆಂದು ಯಾರೂ ಅಪರಾಧಿಯಾಗಲಾರರು.

ಮೂರನೆಯದು ಧೈರ್ಯ. ಇದನ್ನು ಅಳದೆ ಇರುವುದೆಂದು ತಿಳಿಯುವವರೇ ಹೆಚ್ಚು. ಗಂಡಸಾದವನು ಕಲ್ಲಾಗಿರಬೇಕೆಂಬ ಮಾತು ಎಷ್ಟೋ ಗೃಹಸ್ಥರ ನಿದ್ರೆಯನ್ನು ಕೆಡಿಸಿದೆ. ಮಲೆನಾಡಿನ ತೋಟವನ್ನು ನೋಡಿದವರಿಗೆ ಬೇರೆ ಪಾಠವು ದೊರೆಯುವುದು. ಜಡಿಮಳೆಯ ಗಾಳಿಗೆ ಅಡಕೆಯ ಮರವು ಬಳುಕುವುದು. ಗಾಳಿ ನಿಂತ ಮೇಲೆ ನೆಟ್ಟಗಾಗುವುದು. ಬೆಳೆಗಾರನಾದರೂ ಕೊಳೆರೋಗವು ಬಂದ ಮೇಲೆ ಅಳುತ್ತ ಕೂಡದೆ, ಮಳೆ ಹಿಡಿಯುವುದಕ್ಕೆ ಮುಂಚೆಯೇ ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯಿಸುವನು. ಮಳೆಯ ನಡುವೆ ಮತ್ತೊಮ್ಮೆ ಹೊಡೆಯಿಸುವನು. ಮನಸ್ಸಿಗೂ ಹಾಗೆಯೇ. ಹೊತ್ತಿಗೆ ಸರಿಯಾಗಿ ಏಳುವುದು, ಉಣ್ಣುವುದು, ನಡೆಯುವುದು, ದಿನಕ್ಕೊಬ್ಬರೊಡನೆ ಮಾತನಾಡುವುದು, ಸುದ್ದಿಯನ್ನು ಹಗಲಿರುಳೂ ನೋಡದೆ ಹೊತ್ತು ಗೊತ್ತುಮಾಡಿಕೊಂಡು ನೋಡುವುದು: ಇವು ಸಣ್ಣ ಕೆಲಸಗಳಾದರೂ ಒಮ್ಮೆ ಮಾಡಿ ಬಿಡತಕ್ಕವಲ್ಲ. ವಿಪತ್ತಿಗೆ ಸಿಕ್ಕಿದವರಲ್ಲಿ ಬಹುಮಂದಿ ಕಾಲಕ್ರಮದಲ್ಲಿ ಚೇತರಿಸಿಕೊಳ್ಳುವರೆಂಬುದನ್ನು ಅಮೆರಿಕೆಯ ಮನಶ್ಶಾಸ್ತ್ರಜ್ಞನಾದ ಜಾರ್ಜ್ ಬೊನಾನೊ ಎಂಬವರು ವಿಯೋಗದುಃಖವನ್ನು ಕುರಿತ ತಮ್ಮ ಶೋಧನೆಗಳಲ್ಲಿ ತೋರಿಸಿಕೊಟ್ಟಿರುವರು. ಚೇತರಿಕೆಯು ಮಹಾಪುರುಷರ ಸೊತ್ತಲ್ಲ, ಸಾಮಾನ್ಯರ ಶಕ್ತಿ.

ನಾಲ್ಕನೆಯದು ಸ್ಮೃತಿ. ನೆನಪನ್ನು ಅದುಮಿದರೆ ಅದು ಪೊಟ್ಟಣದಂತೆ ಮಾಡದ ಮೇಲೆಯೇ ಕುಳಿತಿರುವುದು. ದೃಷ್ಟಾಂತದ ಉಪಾಧ್ಯಾಯರ ಎದುರುಮನೆಯಲ್ಲಿ ಒಬ್ಬ ತಾಯಿಯಿದ್ದಳೆಂದು ತಿಳಿಯಿರಿ. ಆಕೆ ಉಪದೇಶವನ್ನೇನೂ ಮಾಡಲಿಲ್ಲ. ಪ್ರತಿದಿನವೂ ಅವರ ಗೇಟಿನ ಮೇಲೆ ಹಾಲನ್ನಿಟ್ಟು, “ಮೇಷ್ಟ್ರೇ, ಹಾಲು ಇಟ್ಟಿದೀನಿ” ಎಂದು ಕೂಗಿ ಹೋಗುತ್ತಿದ್ದಳು. ಒಂದು ತಿಂಗಳಾದ ಮೇಲೆ ಒಂದು ದಿನ, “ಅಕ್ಕ ಮಾಡ್ತಿದ್ದ ಶೇಂಗಾ ಹೋಳಿಗೆ ನಮಗೆ ಯಾರಿಗೂ ಬರಲಿಲ್ಲ ನೋಡಿ, ಮೇಷ್ಟ್ರೇ” ಎಂದಳು. ಆ ಒಂದು ಮಾತಿಗೆ ಅವರು ಬಾಗಿಲಿನಲ್ಲಿ ನಿಂತು, ಮೊದಲನೆಯ ಸಲ, ಗಟ್ಟಿಯಾಗಿ ಅತ್ತರು. ತೀರಿಕೊಂಡವರ ಹೆಸರನ್ನೆತ್ತಿದರೆ ನೋವಾಗುವುದೆಂದು ನಂಟರು ಸುಮ್ಮನಿರುವರು. ಆದರೆ ಯಾರೂ ಹೆಸರೆತ್ತದಿರುವುದೇ ಹೆಚ್ಚಿನ ನೋವು.

ಐದನೆಯದು ಸಮಾಧಿ. ಶಾಸ್ತ್ರದಲ್ಲಿ ಇದಕ್ಕೆ ಮನಸ್ಸನ್ನು ವಿಷಯಗಳಿಂದ ತಿರುಗಿಸಿ ಆತ್ಮನಲ್ಲಿ ನಿಲ್ಲಿಸುವುದೆಂದು ಅರ್ಥ. ಶರಣರ ಮನೆಮಾತಿನಲ್ಲಿ ಭಕ್ತನನ್ನು ಮಣ್ಣಿನಲ್ಲಿ ಕುಳ್ಳಿರಿಸುವ ಕ್ರಿಯೆಗೂ ಇದೇ ಹೆಸರು. ಈ ಎರಡರ್ಥಗಳೂ ಆ ಉಪಾಧ್ಯಾಯರ ಪಾಲಿಗೆ ಕೂಡಿ ಬಂದುವು. ಎದುರುಮನೆಯ ತಾಯಿಯಿಂದ ವಿಷಯವನ್ನು ತಿಳಿದ ಜಂಗಮಮೂರ್ತಿಯೊಬ್ಬರು ಅವರ ಮನೆಗೆ ಬಂದು, ಪೊಟ್ಟಣವನ್ನು ಅವರ ಕೈಯಿಂದಲೇ ಬಿಚ್ಚಿಸಿದರು. ಲಿಂಗಕ್ಕೆ ಮಜ್ಜನವಾಯಿತು, ವಿಭೂತಿಯಾಯಿತು. ಬಳಿಕ ಮಗನನ್ನೂ ಕರೆಯಿಸಿಕೊಂಡು ಆಕೆಯನ್ನು ಮಣ್ಣು ಮಾಡಿದ ಸ್ಥಳಕ್ಕೆ ಹೋಗಿ, ಅಲ್ಲಿಯ ಮಣ್ಣಿನಲ್ಲಿ ಪತ್ರೆಯೊಡನೆ ಆ ಲಿಂಗವನ್ನಿಡಿಸಿದರು. “ಸಮಾಧಿ ಇವತ್ತು ಆಯಿತು ಎಂದುಕೊಳ್ಳಿ, ಮೇಷ್ಟ್ರೇ. ತಡವಾಯಿತು, ತಪ್ಪಲಿಲ್ಲ” ಎಂದರು. ಮಾರನೆಯ ಬೆಳಗ್ಗೆ ಅವರು ತಮ್ಮ ಪೂಜೆಗೆ ಕುಳಿತರು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಕಿವಿಗೆ ಇಂಪಾಗಿರುವುದು, ಆದರೆ ಪೂರ್ಣಸತ್ಯವಾಗದು. ಪೂಜೆ ಮರಳಿತು, ನಿದ್ರೆ ಮರಳಲಿಲ್ಲ. ಊಟ ಸೇರದು, ತಾನಿದ್ದು ಪ್ರಯೋಜನವೇನೆಂಬ ಯೋಚನೆಯು ಬಿಡದು. ಆಗ ಆ ಜಂಗಮಮೂರ್ತಿಗಳೇ, “ನನ್ನ ಕೆಲಸ ಇಲ್ಲಿಗೆ ಮುಗಿಯಿತು, ಇನ್ನು ವೈದ್ಯರ ಕೆಲಸ” ಎಂದು ಹೇಳಿ, ಮಗನೊಡನೆ ಅವರನ್ನು ಮನೋವೈದ್ಯರಲ್ಲಿಗೆ ಕಳುಹಿಸಿದರು. ಕೆಲವು ತಿಂಗಳು ಔಷಧ ನಡೆಯಿತು. ಮಾತಿನ ಚಿಕಿತ್ಸೆಯೂ ನಡೆಯಿತು. ಗುರುವಿನ ಕೆಲಸವೆಲ್ಲಿ ಮುಗಿಯುವುದು, ವೈದ್ಯನ ಕೆಲಸವೆಲ್ಲಿ ಮೊದಲಾಗುವುದು ಎಂಬುದನ್ನು ಬಲ್ಲವನೇ ಒಳ್ಳೆಯ ಗುರು.

ಆ ಎಲ್ಲೆಯ ಗುರುತುಗಳನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರಬೇಕು. ಬೇಸರವು ಯಾರಿಗೂ ತಪ್ಪಿದುದಲ್ಲ. ಆದರೆ ಮಂಕುತನ, ಯಾವುದರಲ್ಲಿಯೂ ರುಚಿಯಿಲ್ಲದಿರುವುದು, ನಿದ್ರಾಹಾರಗಳ ಏರುಪೇರು, ಕಾರಣವಿಲ್ಲದ ಬಳಲಿಕೆ, ತಾನು ಕೆಲಸಕ್ಕೆ ಬಾರದವನೆಂಬ ಭಾವ, ಇವು ಎರಡು ವಾರಗಳ ಕಾಲ ಬಿಡದೆ ಇದ್ದರೆ ಅದು ಖಿನ್ನತೆಯ ಲಕ್ಷಣ. ಮರಣದುಃಖವು ಆರು ತಿಂಗಳಿಗೂ ಮೀರಿ, ಕಿಂಚಿತ್ತೂ ಇಳಿಯದೆ, ನಿತ್ಯದ ಬದುಕನ್ನೇ ನಿಲ್ಲಿಸಿದ್ದರೆ ಅದಕ್ಕೂ ಚಿಕಿತ್ಸೆ ಬೇಕೆಂಬುದು ಈಗಿನ ವೈದ್ಯಶಾಸ್ತ್ರದ ನಿರ್ಣಯ. ಬದುಕನ್ನು ಮುಗಿಸಿಕೊಳ್ಳುವ ಮಾತು ಒಮ್ಮೆ ಬಾಯಿಂದ ಬಂದರೂ ಎರಡು ವಾರ ಕಾಯಕೂಡದು. ಅಂಥವರನ್ನು ಒಂಟಿಯಾಗಿ ಬಿಡದೆ ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಈ ವಿಷಯದಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಅಲ್ಲಿಯೇ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಆ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆಯನ್ನು ಕೊಟ್ಟು ತೋರಿಸಿದರು. 1996ರಲ್ಲಿ ಮೊದಲಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಶಿವಮೊಗ್ಗೆಯಲ್ಲಿಯೇ ಇದ್ದು, 2016ರಲ್ಲಿ ದಿವಂಗತರಾದ ಡಾಕ್ಟರ್ ಅಶೋಕ ಪೈ ಅವರು ಮನಸ್ಸಿನ ಕಾಯಿಲೆಯ ವಿಷಯವನ್ನು ಆಸ್ಪತ್ರೆಯ ಗೋಡೆಯೊಳಗೆ ಇಡದೆ, ಬರಹಗಳ ಮೂಲಕವೂ ಚಲಚ್ಚಿತ್ರಗಳ ಮೂಲಕವೂ ಜನರ ಮನೆಗಳಿಗೆ ಮುಟ್ಟಿಸಿದರು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಹಗಲಾಗಲಿ ಇರುಳಾಗಲಿ ಕರೆಮಾಡಿ, ಹಣ ತೆರದೆ, ಕನ್ನಡದಲ್ಲಿಯೇ ತಮ್ಮ ಕಷ್ಟವನ್ನು ಹೇಳಿಕೊಳ್ಳಬಹುದು. ಈ ಸಂಖ್ಯೆಯನ್ನು ಪಂಚಾಂಗದ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಎರಡು ಮಾತುಗಳು ಕಾಯಕವನ್ನೂ ದಾಸೋಹವನ್ನೂ ಕುರಿತು. ಬಾಗಿಲಿಕ್ಕಿದ ದಿನಗಳಲ್ಲಿ ಕೂಲಿಯನ್ನೂ ಅಂಗಡಿಯನ್ನೂ ಕಳೆದುಕೊಂಡವರಿಗೆ ಹಣದ ಚಿಂತೆಯಷ್ಟೇ ಅಲ್ಲದೆ, ತಾವು ಯಾರೆಂಬುದೇ ಮರೆತಂತಾಯಿತು. ಏಕೆಂದರೆ ಕಾಯಕವು ಹೊಟ್ಟೆಯನ್ನು ಮಾತ್ರವಲ್ಲದೆ ಮನಸ್ಸನ್ನೂ ಸಾಕುವುದು. ಆದುದರಿಂದ ನೊಂದವರಿಗೆ ಬರಿಯ ಅನ್ನವನ್ನಿಕ್ಕಿದರೆ ಸಾಲದು. ಕೈಗೊಂದು ಕೆಲಸವನ್ನೂ ಕೊಡಬೇಕು. ಅಂತೆಯೇ ಆಶಾ ಕಾರ್ಯಕರ್ತೆಯರು, ದಾದಿಯರು, ಪೌರಕಾರ್ಮಿಕರು, ಹೆಣಗಳನ್ನು ಮಣ್ಣು ಮಾಡಿದವರು, ಇವರೆಲ್ಲರೂ ಆಗ ಕಂಡುದನ್ನು ಹೇಳಿಕೊಳ್ಳುವುದಕ್ಕೆ ಈಗಲೂ ಕಿವಿಗಳು ಬೇಕಾಗಿವೆ. ದೃಷ್ಟಾಂತದ ಆ ನಾಲ್ವರು ಮುಸುಕಿನವರನ್ನು ಮೇಷ್ಟರು ಬಹುಕಾಲ ದ್ವೇಷಿಸಿದರು. ಬಳಿಕ ಅವರಿಗೆ ಹೊಳೆಯಿತು: ಹೆತ್ತ ಮಗನೂ ಬರಲಾರದ ಹೊತ್ತಿನಲ್ಲಿ ತನ್ನಾಕೆಯನ್ನು ಭೂಮಿಗಿಳಿಸಿದ ಕೈಗಳು ಅವೇ ಎಂದು.

ಈಗ ಆ ಮೇಷ್ಟರು ಬೆಳಗಿನ ಪೂಜೆಯನ್ನು ಮುಗಿಸಿ, ಎದುರುಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವರು. ಕೆಲವು ದಿನ ದುಃಖವು ಬರುವುದು, ಬಂದು ಹೋಗುವುದು. ವಿಭೂತಿಯ ಬಟ್ಟಲು ಮೊದಲಿದ್ದ ಕಡೆಯಲ್ಲಿಯೇ ಇದೆ. ಮನಃಸ್ಥೈರ್ಯವೆಂದರೆ ಇಷ್ಟೇ.

ಸದ್ಭಕ್ತರೆ! ಈ ಮಹೋತ್ಸವದಿಂದ ಮರಳುವಾಗ ಪ್ರತಿಯೊಬ್ಬರೂ ತಮ್ಮ ಬೀದಿಯಲ್ಲಿ ಬಾಗಿಲು ತೆರೆಯದ ಮನೆಯೊಂದನ್ನು ನೆನೆಯಲಿ. ನಾಳೆ ಆ ಮನೆಯ ಮುಂದೆ ನಿಂತು, ತೀರಿಕೊಂಡವರ ಹೆಸರನ್ನೆತ್ತಿ, ಉಳಿದವರ ಕ್ಷೇಮವನ್ನು ಕೇಳಲಿ. ಮಹೋತ್ಸವದ ಪ್ರಸಾದವು ಆಗ ಮುಟ್ಟಬೇಕಾದಲ್ಲಿಗೆ ಮುಟ್ಟುವುದು. ಸರ್ವರಿಗೂ ಸನ್ಮಂಗಳವಾಗಲಿ.

ಇತಿ ಶಿವಮ್.